ಗಡಿಯಲ್ಲಿ ಸುಟ್ಟ ಜೋಳ

ಪಂಚಮಿ ಬಂತೆಂದರೆ ನಾನು ಮನೆಯಲ್ಲಿ ನಿಲ್ಲುವವಳಲ್ಲ. ಓಣಿಯ ತುಂಬ ಜೋಳದ ಅರಳು ಹುರಿಯುತ್ತಾರೆ. ನಾನು ಸೆರಗನ್ನು ಮೂಗಿಗೆ ಒತ್ತಿಕೊಂಡು ಕೊಪ್ಪಳದ ಕೋಟೆ ಕಡೆ ನಡೆದುಬಿಡುತ್ತೇನೆ, ಒಲೆಗಳೆಲ್ಲ ಆರಿದ ಮೇಲೆ ಬರುತ್ತೇನೆ. ಮುದುಕಿಗೆ ತಲೆ ಕೆಟ್ಟಿದೆ ಎಂದು ಓಣಿಯ ಹೆಂಗಸರು ನಗುತ್ತಾರೆ. ನಗಲಿ, ಅವರ ಹಲ್ಲು ಅವರವು.

ಈ ವರ್ಷ ಮೊಣಕಾಲು ಕೈಕೊಟ್ಟಿತು. ಮನೆಯಲ್ಲೇ ಉಳಿಯಬೇಕಾಯಿತು. ನಾಗಿ ಒಲೆಯ ಮುಂದೆ ಕೂತು ಅರಳು ಹುರಿಯುತ್ತಿದ್ದಳು. ನಾಗಿ ನನ್ನ ಭಾವನ ಮಗಳು, ನನ್ನ ಕೈಯಲ್ಲೇ ಬೆಳೆದವಳು, ಈಗ ಅವಳಿಗೇ ಮೊಮ್ಮಕ್ಕಳಿದ್ದಾರೆ. ಬಾಗಿಲಲ್ಲಿ ಯಾರೋ ಕರೆದರೆಂದು ಎದ್ದು ಹೋದಳು. ಮಾತಿಗೆ ಮಾತು ಬೆಳೆದು ಬರುವಷ್ಟರಲ್ಲಿ ಹಂಚಿನ ಮೇಲಿನ ಜೋಳ ಸೀದು ಕರ್ರಗಾಗಿತ್ತು. ಆ ವಾಸನೆ ಬಡಿದ ಕೂಡಲೇ ನನಗೆ ನನ್ನ ಅತ್ತೆಯ ಅಂಗೈ ಬಾಯಿಗೆ ಬಂದು ಮುಚ್ಚಿದ ಹಾಗಾಯಿತು. ಗೋಡೆ ಹಿಡಿದು ಕೂತೆ.

“ಚಿಗವ್ವಾ, ಎಲ್ಲಾ ಸೀದು ಹೋತು. ಹೊರಗ ಚೆಲ್ಲಿ ಬರ್ಲೇನು?” ಎಂದಳು ನಾಗಿ.

“ತಡಿ, ಚೆಲ್ಲಬ್ಯಾಡ” ಎಂದೆ.

ನಾಗಿ ಇನ್ನೂ ಕೂಸಾಗಿದ್ದಾಗಿನ ಮಾತು. ಆಗ ನಿಜಾಮನ ಸರ್ಕಾರ. ದೂರದಲ್ಲೆಲ್ಲೋ ದೊಡ್ಡ ಯುದ್ಧ ನಡೆದಿತ್ತು. ಯಾರ ಯಾರ ನಡುವೆ ಎಂಬುದು ನಮಗೆ ಗೊತ್ತಿರಲಿಲ್ಲ, ಅದರ ಹೆಸರಿನಲ್ಲಿ ಕಣದಿಂದಲೇ ಜೋಳ ಎತ್ತಿಕೊಂಡು ಹೋಗುತ್ತಾರೆ ಎಂಬುದಷ್ಟೇ ಗೊತ್ತು. ನಾನು ಆಗಿನ್ನೂ ಹರೆಯದವಳು, ಯಲಬುರ್ಗಾ ಮತ್ತು ಕುಷ್ಟಗಿಯ ನಡುವಿನ ಒಂದು ಊರಿಗೆ ಸೊಸೆಯಾಗಿ ಬಂದು ಎರಡು ಸುಗ್ಗಿ ಕಂಡಿದ್ದೆ. ನಮ್ಮದು ಕೂಲಿ ಮಾಡಿ ಉಣ್ಣುವ ಮನೆ. ಗಂಡ ಕಂಡವರ ಬಂಡಿ ಹೊಡೆಯುತ್ತಿದ್ದರು. ಗಂಡನ ಹೆಸರು ನಮ್ಮ ಕಾಲದ ಹೆಂಗಸರ ಬಾಯಲ್ಲಿ ಬರುವುದಿಲ್ಲ. ಆದರೆ ಬರೆಯುವ ಕೈಗೆ ಆ ಕಟ್ಟಳೆ ಇಲ್ಲ, ಬರೆಯುತ್ತೇನೆ: ಹನಮಪ್ಪ. ಅವರ ಅಣ್ಣ ಬಸಪ್ಪ, ನನ್ನ ಭಾವ. ಹಕ್ಕಿ ಕಾಯುವ ಕೆಲಸಕ್ಕೆ ಸುತ್ತಲಿನ ಹೊಲದವರೆಲ್ಲ ಅವನನ್ನೇ ಕರೆಯುತ್ತಿದ್ದರು. ಕವಣೆ ಬೀಸಿದನೆಂದರೆ ತೆನೆಯ ಮೇಲೆ ಕೂತ ಹಕ್ಕಿ ಕೆಳಗೆ, ತೆನೆ ಅಲುಗುತ್ತಿರಲಿಲ್ಲ. ಹಳ್ಳದಿಂದ ಬೆಳ್ಳನೆಯ ಬೆಣಚುಕಲ್ಲು ಆರಿಸಿ ತಂದು ಸೊಂಟದ ಚೀಲದಲ್ಲಿ ತುಂಬಿಕೊಂಡಿರುತ್ತಿದ್ದ. ಬೇರೆ ಕಲ್ಲು ಮುಟ್ಟುತ್ತಿರಲಿಲ್ಲ. ಅವನ ಎದುರು ನಿಂತು ನಾನು ಒಂದು ಮಾತೂ ಆಡಿದವಳಲ್ಲ. ಭಾವ ಬಂದರೆ ಸೆರಗು ಎಳೆದುಕೊಂಡು ಗೋಡೆಗೆ ಸರಿಯಬೇಕು, ಹೇಳಬೇಕಾದದ್ದನ್ನು ಅತ್ತೆಗೋ ಮಗುವಿಗೋ ಹೇಳಿ ಅವನಿಗೆ ಕೇಳಿಸಬೇಕು. ಒಂದೇ ಸೂರಿನ ಕೆಳಗೆ ಹಾಗೇ ಇದ್ದೆವು.

ಮಾನವಮಿ ಹಬ್ಬದ ಮುಂದೆ ಊರಲ್ಲಿ ಇಲಿ ಬೀಳತೊಡಗಿದವು. ಮೊದಲು ಗೌಡರ ಪಡಸಾಲೆಯಲ್ಲಿ, ಆಮೇಲೆ ನಮ್ಮ ಓಣಿಯಲ್ಲಿ. ಇಲಿ ಬಿದ್ದ ಮನೆಯಲ್ಲಿ ಮನುಷ್ಯರೂ ಬೀಳುತ್ತಾರೆಂದು ಹಿರಿಯರಿಗೆ ಗೊತ್ತಿತ್ತು. ಊರಿಗೂರೇ ಬಾಗಿಲು ಹಾಕಿಕೊಂಡು ಹೊರಗೆ ಬಂತು. ಹೊಲವಿದ್ದವರು ತಮ್ಮ ತಮ್ಮ ಹೊಲದಲ್ಲಿ ಚಪ್ಪರ ಹಾಕಿದರು, ನೆಲದೊಳಗಿನ ಹಗೇವು ತೆಗೆಸಿ ವರ್ಷದ ಕಾಳನ್ನು ಜೊತೆಗೆ ಒಯ್ದರು. ನಾವು ಕೂಲಿಯವರು ಊರ ಬಡಗಲಿನ ಗಾಯರಾಣದಲ್ಲಿ, ದನ ಮೇಯುವ ಕಲ್ಲುನೆಲದ ಮೇಲೆ ಗುಡಿಸಲು ಕಟ್ಟಿಕೊಂಡೆವು. ನನ್ನ ನೆಗೆಣ್ಣಿ, ನಾಗಿಯ ತಾಯಿ, ಗುಡಿಸಲಿನ ಗಳ ನೆಡುವಾಗಲೇ ಕಂಕುಳ ಗಂಟು ಹಿಡಿದು ಕೂತಳು. ಮೂರನೆಯ ದಿನ ಅವಳನ್ನು ಮಣ್ಣು ಮಾಡಿ ಬಂದೆವು. ಭಾವ ಅಳಲಿಲ್ಲ. ಮಗುವನ್ನು ತಂದು ನನ್ನ ಮುಂದೆ ಬಿಟ್ಟು ಆಚೆ ತಿರುಗಿ ನಿಂತ.

ಬೇನೆಗಿಂತ ಹೊಟ್ಟೆ ಹೆಚ್ಚು ಕೊಂದಿತು. ಊರಿನ ಸುತ್ತ ಸರ್ಕಾರ ನಾಕಾ ಹಾಕಿತ್ತು, ಆಚೆ ಕೂಲಿಗೆ ಹೋಗುವಂತಿಲ್ಲ. ಹೊಲದವರು ನಮ್ಮನ್ನು ಬದುವಿನ ಹತ್ತಿರವೂ ಬಿಡಲೊಲ್ಲರು. ಯಲಬುರ್ಗಾ ಸಂತೆ ನಿಂತಿತ್ತು. ಗೌಡರ ಚಪ್ಪರದಿಂದ ರೊಟ್ಟಿ ಬಡಿಯುವ ಸಪ್ಪಳ ಗಾಳಿಯಲ್ಲಿ ತೇಲಿ ಬರುವಾಗ ನಮ್ಮ ಮಕ್ಕಳು ಆ ಕಡೆ ಕಿವಿಗೊಟ್ಟು ಕೂರುತ್ತಿದ್ದವು. ಆ ಸಪ್ಪಳ ಕೇಳಿ ನನಗೆ ಮೈ ಉರಿಯುತ್ತಿತ್ತು. ಆ ಚಪ್ಪರಕ್ಕೆ ಬೆಂಕಿ ಬೀಳಬಾರದೇ ಎಂದು ಎಷ್ಟೋ ಸಲ ಬಾಯಿಬಿಟ್ಟೇ ಅಂದಿದ್ದೇನೆ. ಬೆಂಕಿ ಬಿತ್ತು, ಆದರೆ ಅಲ್ಲಲ್ಲ.

ಗಡಿಯ ವಿಷಯ ಹೇಳಬೇಕು. ನಮ್ಮ ಕಡೆ ಬೇನೆ ಬಂದರೆ ಪ್ಲೇಗಮ್ಮನನ್ನು ಊರು ದಾಟಿಸುತ್ತಿದ್ದರು. ಸಣ್ಣದೊಂದು ಬಂಡಿ ಮಾಡಿ, ಅರಿಷಿಣದ ಬಟ್ಟೆ ಕಟ್ಟಿ, ಬೇವಿನ ಸೊಪ್ಪು ಹೊದಿಸಿ, ಮೊರದಲ್ಲಿ ಜೋಳ ಬಳೆ ಇಟ್ಟು ಹಲಗೆ ಬಡಿಯುತ್ತ ಒಯ್ದು ಪಕ್ಕದೂರಿನ ಗಡಿಕಲ್ಲಿನ ಆಚೆ ಬಿಟ್ಟು ಬರುವುದು. ಒಯ್ಯುವವರು ಮುಖಕ್ಕೆ ಬಟ್ಟೆ ಸುತ್ತಿಕೊಂಡಿರುತ್ತಾರೆ. ಪಕ್ಕದೂರಿನವರು ಅದನ್ನು ಮುಂದಿನ ಊರಿಗೆ ನೂಕಬೇಕು. ನೂಕದಿದ್ದರೆ ಬೇನೆ ಅವರಲ್ಲೇ ಉಳಿಯಿತೆಂದು ಅರ್ಥ. ಇನ್ನೊಂದು ಮಾತೂ ಇತ್ತು. ಅಮ್ಮ ಗಡಿಯಲ್ಲಿ ನಿಂತು ನಮ್ಮವರದೇ ದನಿಯಲ್ಲಿ ನಮ್ಮ ಹೆಸರು ಹಿಡಿದು ಕರೆಯುತ್ತಾಳೆ. ಓ ಎನ್ನಬಾರದು. ಓ ಎಂದವರ ಮನೆಗೆ ಅವಳು ಬರುತ್ತಾಳೆ. ಇದನ್ನು ಅತ್ತೆ ನನಗೆ ಗುಡಿಸಲಿಗೆ ಬಂದ ದಿನವೇ ಹೇಳಿ ಆಣೆ ಮಾಡಿಸಿಕೊಂಡಿದ್ದಳು.

ಬಡಗಲಿನ ಪಕ್ಕದೂರಿನವರು ಒಂದು ಸಂಜೆ ಅಮ್ಮನ ಬಂಡಿ ತಂದರು. ನಮ್ಮಲ್ಲಿ ಆಗಲೇ ಹೆಣ ಎತ್ತಲು ಜನ ಸಾಲದಾಗಿದ್ದರು, ಇನ್ನೊಬ್ಬ ಅಮ್ಮನನ್ನು ಯಾರು ಹೊರುವುದು? ನಮ್ಮ ಗಂಡಸರು ಬಡಿಗೆ ಹಿಡಿದು ಗಡಿಗೆ ಓಡಿದರು. ಅವರೂ ಬರಿಗೈಲಿ ಬಂದಿರಲಿಲ್ಲ. ಕುಡಗೋಲು ಆಡಿದವು, ನಮ್ಮವನೊಬ್ಬನ ಮೊಣಕೈ ಮುರಿದು ತೊಗಲಿಗೆ ಜೋತಾಡಿತು. ಹಸಿದ ಮೈಗಳಿಗೆ ಅಷ್ಟು ಬಲ ಎಲ್ಲಿಂದ ಬಂತೋ. ಕೊನೆಗೆ ಭಾವ ಬಂಡೆಯ ಮೇಲೆ ಹತ್ತಿ ಕವಣೆ ಬೀಸತೊಡಗಿದ. ಒಬ್ಬನ ದವಡೆ ಒಡೆಯಿತು, ಒಬ್ಬನ ಕಣ್ಣು ಹೋಯಿತು. ಅವರು ಬಂಡಿ ಎಳೆದುಕೊಂಡು ಹಿಂದಕ್ಕೆ ಓಡಿದರು. ಅಂದಿನಿಂದ ಭಾವ ಗಡಿಯ ಕಾವಲಿನ ಯಜಮಾನನಾದ. ಹೆಂಡತಿ ಸತ್ತ ಮೇಲೆ ಅವನ ಮುಖದಲ್ಲಿ ಜೀವ ಕಂಡದ್ದು ಆಗಲೇ.

ಇದಾದ ಕೆಲವು ದಿನಕ್ಕೆ ತಹಸೀಲಿನ ಜವಾನನೊಬ್ಬ ಕುದುರೆಯ ಮೇಲೆ ಬಂದು ನಾಕಾದ ಆಚೆಯೇ ನಿಂತು ಡಂಗುರ ಹೊಡೆಸಿದ. ಬೇನೆ ಹೋಗುವ ತನಕ ಕೂಲಿಯವರ ಪ್ರತಿ ಗುಡಿಸಲಿಗೆ ಸರ್ಕಾರದಿಂದ ಜೋಳ ಸಿಗುತ್ತದೆ, ತಲೆಗಿಷ್ಟೆಂದು ಅಳೆದು ಕೊಡುತ್ತಾರೆ. ಆದರೆ ಬೇನೆಯ ಊರಿಗೆ ಯಾವ ಬಂಡಿಯವನೂ ಬರಲೊಲ್ಲ, ಬಂಡಿ ಎತ್ತು ಸರ್ಕಾರದ್ದು, ಹೊಡೆಯುವವನನ್ನು ಊರೇ ಕಳಿಸಬೇಕು. ಯಾರೂ ನಂಬಲಿಲ್ಲ. ಸರ್ಕಾರ ಜೋಳ ಒಯ್ಯುವುದನ್ನು ಕಂಡಿದ್ದೆವು, ತರುವುದನ್ನು ಯಾರು ಕಂಡಿದ್ದರು?

“ಕೊಪ್ಪಳಕ್ಕ ಹೋದವ್ನ ಹಿಡದು ಯುದ್ಧಕ್ಕ ಕಳಸ್ತಾರ” ಎಂದು ಒಬ್ಬ ಮುದುಕ ಹೇಳಿದ.

ನನ್ನ ಗಂಡ ನಕ್ಕರು. “ಇಲ್ಲಿದ್ರೂ ಸಾಯೂದ ಐತಿ. ನಾ ಹೊಕ್ಕೀನಿ ತಗೋರಿ” ಎಂದರು. ಅತ್ತೆ ಬೇಡವೆಂದಳು. ಭಾವ ಮಾತ್ರ ತಮ್ಮನ ಹೆಗಲ ಮೇಲೆ ಕೈಯಿಟ್ಟು, “ಹೋಗಿ ಬಾರಪಾ. ಗಡಿ ನಾ ಕಾಯ್ತೀನಿ” ಎಂದ.

ಹೋಗುವಾಗ ನನಗೆ ಹೇಳಿದ್ದು ಇಷ್ಟೇ: “ಗಂಗೀ, ಒಲಿ ಆರಿಸಬ್ಯಾಡ. ಬಂದ ಕೂಡ್ಲೆ ಅಂಬಲಿ ಕಾಸ್ಬೇಕು.” ನಾನು ಒಲೆ ಆರಿಸಲಿಲ್ಲ. ಮೇಲೆ ಇಡಲು ಏನೂ ಇಲ್ಲದ ಒಲೆಗೆ ಪುಳ್ಳೆ ಒಟ್ಟುತ್ತ, ಕೊಪ್ಪಳದ ದಾರಿಯ ಕಡೆ, ಅಂದರೆ ಊರ ತೆಂಕಲಿಗೆ, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕೂತೆ. ಊರೆಲ್ಲ ಆ ದಿಕ್ಕಿಗೇ ಮುಖ ಮಾಡಿತ್ತು.

ಅವರು ಬಂದದ್ದು ಬಡಗಲಿನಿಂದ. ಮೇಲೆಲ್ಲೋ ಮಳೆಯಾಗಿ ತೆಂಕಲಿನ ಹಳ್ಳ ದಂಡೆ ಮುಳುಗಿಸಿ ಹರಿಯುತ್ತಿತ್ತು. ನಮ್ಮಲ್ಲಿ ಹನಿ ಬಿದ್ದಿರಲಿಲ್ಲ, ಗುಡಿಸಲಿನಿಂದ ಹಳ್ಳ ದೂರ, ನಮಗೆ ಗೊತ್ತೇ ಆಗಲಿಲ್ಲ. ಬಂಡಿ ಸುತ್ತು ಹಾಕಿ ಪಕ್ಕದೂರಿನ ಮೇಲೆ ಹಾಯ್ದು ಬಂತು. ಕೊಪ್ಪಳದಲ್ಲಿ ಬೇನೆಯ ಊರಿನ ಬಂಡಿ ಎಂಬ ಗುರುತಿಗೆ ಹಳದಿ ಬಾವುಟ ಕಟ್ಟಿದ್ದರು. ಹುಳ ಹತ್ತದಿರಲಿ ಎಂದು ಚೀಲಗಳ ಮೇಲೆ ಬೇವಿನ ಸೊಪ್ಪು ಹೊದಿಸಿದ್ದರು. ಡಾಕ್ಟರು ಹೇಳಿದರೆಂದು ನನ್ನ ಗಂಡ ಮೂಗು ಬಾಯಿಗೆ ಬಟ್ಟೆ ಸುತ್ತಿಕೊಂಡಿದ್ದರು. ಪಕ್ಕದೂರಿನವರು ಹಳದಿ ಬಾವುಟ ಕಂಡು ಹೌಹಾರಿ, ಬೇಗ ತೊಲಗಲಿ ಎಂದು ಬಂಡಿಯ ಹಿಂದೆ ಹಲಗೆ ಬಡಿಯುತ್ತ ನಮ್ಮ ಗಡಿಯ ತನಕ ಅಟ್ಟಿಕೊಂಡು ಬಂದರು. ಇದೆಲ್ಲ ನಮಗೆ ತಿಳಿದದ್ದು ಆಮೇಲೆ. ಆಗ ಗಡಿಯಲ್ಲಿದ್ದವರು ಕಂಡದ್ದು ಇಷ್ಟೇ: ಹೊತ್ತು ಮುಳುಗುವ ಧೂಳಿನಲ್ಲಿ ಅರಿಷಿಣದ ಬಟ್ಟೆ, ಬೇವಿನ ಸೊಪ್ಪು, ಮುಖ ಮುಚ್ಚಿದ ಮನುಷ್ಯ, ಹಿಂದೆ ಹಲಗೆ. ಅದೂ ಎತ್ತು ಹೂಡಿದ ದೊಡ್ಡ ಬಂಡಿ. ಸಣ್ಣ ಅಮ್ಮನನ್ನು ಹೊಡೆದೋಡಿಸಿದ್ದಕ್ಕೆ ಸಿಟ್ಟಾಗಿ ದೊಡ್ಡ ಅಮ್ಮನೇ ಬಂದಳೆಂದು ಯಾರೋ ಕೂಗಿದರಂತೆ.

ನಾನು ಗುಡಿಸಲಿನ ಮುಂದಿದ್ದೆ. ಹಲಗೆ ಕೇಳಿ ಹೆಂಗಸರೆಲ್ಲ ಎದ್ದು ನಿಂತೆವು. ಮೊದಲ ಕಲ್ಲುಗಳು ಬಂಡಿಯ ಮರಕ್ಕೆ ಬಡಿದ ಸಪ್ಪಳ, ಎತ್ತಿನ ಅರಚಾಟ. ಅದರ ನಡುವೆ ಒಂದು ದನಿ ಬಂತು.

“ಅಣ್ಣಾ, ನಾನೋ ಹನಮ. ಕಲ್ಲು ಒಗೀಬ್ಯಾಡ್ರೋ, ಜೋಳ ತಂದೀನಿ.”

ಗಡಿಯಲ್ಲಿ ಒಬ್ಬರೂ ಓ ಎನ್ನಲಿಲ್ಲ. ಅಣ್ಣ ಎನ್ನುವ ದನಿ ಕೇಳಿದ್ದೇ ತಡ, ಕಲ್ಲು ಮೊದಲಿಗಿಂತ ಜೋರಾಗಿ ಬೀಳತೊಡಗಿದವು. ದನಿ ಮತ್ತೆ ಬಂತು, ಈ ಸಲ ನನ್ನ ಹೆಸರು ಹಿಡಿದು.

“ಗಂಗೀ. ಏ ಗಂಗೀ, ಓ ಅನ್ನಽ. ನೀನಾರ ಹೇಳಽ ಇವ್ರಿಗೆ.”

ಆ ಗಳಿಗೆಯಲ್ಲಿ ನನಗೆ ಅಮ್ಮನೂ ಗೊತ್ತಿರಲಿಲ್ಲ ಆಣೆಯೂ ಗೊತ್ತಿರಲಿಲ್ಲ, ಆ ದನಿ ಗೊತ್ತಿತ್ತು. ಬಾಯಿ ತೆಗೆದೆ. ಹಿಂದಿನಿಂದ ಅತ್ತೆಯ ಅಂಗೈ ಬಂದು ಬಾಯಿ ಮುಚ್ಚಿತು. ಇನ್ನೊಂದು ಕೈ ನನ್ನ ತುರುಬು ಹಿಡಿದಿತ್ತು. “ಅನ್ನಬ್ಯಾಡ, ಅದು ನನ ಮಗಾ ಅಲ್ಲ. ಅದು ಅಕಿ” ಎಂದು ಕಿವಿಯಲ್ಲಿ ಹೇಳುತ್ತಲೇ ಇದ್ದಳು. ಅವಳ ಹೆಬ್ಬೆರಳ ಬುಡವನ್ನು ಕಚ್ಚಿದೆ. ಹಲ್ಲು ಒಳಗೆ ಇಳಿದು ರಕ್ತ ನನ್ನ ಗದ್ದದ ಮೇಲೆ ಹರಿಯಿತು. ಅವಳು ಕೈ ತೆಗೆಯಲಿಲ್ಲ. ಮೊಣಕೈಯಿಂದ ಅವಳ ಪಕ್ಕೆಗೆ ಗುದ್ದಿದೆ, ಒದ್ದೆ, ಇಬ್ಬರೂ ನೆಲಕ್ಕೆ ಬಿದ್ದೆವು. ಅವಳು ನನ್ನ ಮೇಲೆ ಬಿದ್ದು ಅದುಮಿ ಹಿಡಿದಳು. ಹೊಟ್ಟೆಗಿಲ್ಲದ ಮುದುಕಿ. ಹೆತ್ತ ಮಗನ ದನಿ ಅವಳಿಗೆ ಗೊತ್ತಿರಲಿಲ್ಲವೆಂದು ನಾನು ಒಪ್ಪುವುದಿಲ್ಲ. ಗೊತ್ತಿದ್ದುದರಿಂದಲೇ ಅಷ್ಟು ಹೆದರಿದಳು.

ದನಿ ನಿಂತಿತು. ಆಮೇಲೆ ಉರಿಯುವ ಕಣಕಿಯ, ಒಣ ಜೋಳದ ದಂಟಿನ, ಸೂಡುಗಳನ್ನು ಬಂಡಿಯ ಮೇಲೆ ಎಸೆದರು. ಬೆಳಕು ನಮ್ಮ ಗುಡಿಸಲಿನ ತನಕ ಬಂತು. ಗಂಡಸರು ಗೆದ್ದವರ ಹಾಗೆ ಕೇಕೆ ಹಾಕುತ್ತಿದ್ದರು.

ಆದ ತಪ್ಪನ್ನು ತಿಳಿಸಿಕೊಟ್ಟವಳು ನಾಗಿ. ನೆಲದಲ್ಲಿ ಬಿದ್ದಿದ್ದ ನಮ್ಮಿಬ್ಬರ ಹತ್ತಿರ ಬಂದು ಗಾಳಿ ಮೂಸಿದಳು. “ಚಿಗವ್ವಾ, ಯಾರೋ ಅರಳು ಹುರಿಯಾಕತ್ತಾರ” ಎಂದಳು. ಅತ್ತೆಯ ಕೈ ಸಡಿಲಾಯಿತು. ಅಮ್ಮನ ಬಂಡಿಯಲ್ಲಿ ಇರುವುದು ಒಂದು ಮೊರ ಜೋಳ. ಈ ವಾಸನೆ ಮೊರದ್ದಲ್ಲ, ಕಣದ್ದು. ಗಡಿಯಲ್ಲೂ ಕೇಕೆ ಒಮ್ಮೆಲೇ ನಿಂತಿತು.

ನಾನು ಓಡಿದೆ. ಗಂಡಸರು ಆಗಲೇ ಬೆಂಕಿಗೆ ಕೈ ಹಾಕಿ ಚೀಲ ಎಳೆಯುತ್ತಿದ್ದರು, ತೊಗಲು ಸುಲಿದು ಚೀಲಕ್ಕೆ ಅಂಟುತ್ತಿತ್ತು. ಚೀಲ ಒಡೆದು ಕೆಂಡದ ಮೇಲೆ ಜೋಳ ಸುರಿಯುತ್ತಿತ್ತು, ಅರಳಿ ಮೇಲಕ್ಕೆ ಸಿಡಿಯುತ್ತಿತ್ತು. ಒಂದು ಎತ್ತು ನೊಗದಲ್ಲೇ ಸತ್ತಿತ್ತು. ನನ್ನ ಗಂಡ ಗಡಿಕಲ್ಲಿನ ಹತ್ತಿರ ಮಕಾಡೆ ಬಿದ್ದಿದ್ದರು. ತಿರುಗಿಸಿದೆ. ಮುಖದ ಬಟ್ಟೆ ಬಿಚ್ಚಿದೆ. ಎರಡು ಹುಬ್ಬುಗಳ ನಡುವೆ ಹಣೆ ಒಳಕ್ಕೆ ಹೋಗಿತ್ತು. ತಲೆಯ ಪಕ್ಕದಲ್ಲಿ ಕಲ್ಲು ಬಿದ್ದಿತ್ತು. ಬೆಣಚುಕಲ್ಲು, ಬೆಳ್ಳಗೆ.

ಆ ಕಲ್ಲನ್ನು ಎಲ್ಲರೂ ನೋಡಿದರು. ಭಾವನೂ ನೋಡಿದ. ಕವಣೆ ಅವನ ಕೈಯಲ್ಲೇ ಇತ್ತು.

ಬೆಳಗಾದಾಗ ಹಾಳು ಹೊಟ್ಟೆ ಎಲ್ಲರನ್ನೂ ಬೂದಿಯ ಹತ್ತಿರ ಕರೆತಂದಿತ್ತು. ಕೆದರಿ, ಊದಿ, ಕರಿದಾದ ಕಾಳು ಆರಿಸಿ ತಿನ್ನುತ್ತಿದ್ದರು. ನಾನು ಹೆಣದ ಪಕ್ಕ ಕೂತಿದ್ದೆ. ನಾಗಿ ಪುಟ್ಟ ಮುಷ್ಟಿಯಲ್ಲಿ ಒಂದಿಷ್ಟು ತಂದು ನನ್ನ ಬಾಯಿಗೆ ಹಿಡಿದಳು. “ತಿನ್ನು ಚಿಗವ್ವಾ, ಬಿಸಿ ಅದಾವು.” ನಾನು ಆ ಕೈಗೆ ಹೊಡೆದೆ. ಕಾಳು ಧೂಳಿನಲ್ಲಿ ಚೆಲ್ಲಿದವು. ಅವಳು ಅಳಲಿಲ್ಲ. ಕೂತು ಒಂದೊಂದೇ ಆರಿಸಿ ತಾನೇ ತಿಂದಳು.

ಮಧ್ಯಾಹ್ನ ಹಳ್ಳ ಇಳಿಯಿತು. ಅದರಾಚೆ ತಡೆದು ನಿಂತಿದ್ದ ಅಮೀನ, ಆಗಿನ ಪೊಲೀಸು ಸಾಹೇಬ, ತೆಂಕಲಿನಿಂದ ಬಂದ. ಜೊತೆಗೆ ಜವಾನರು, ತಹಸೀಲಿನ ಗುಮಾಸ್ತ, ಜವಾನರೇ ಹೊಡೆದುಕೊಂಡು ಬಂದ ಉಳಿದ ಜೋಳದ ಬಂಡಿಗಳು. ಸರ್ಕಾರದ ಬಂಡಿ ಸುಟ್ಟಿದೆ, ಸರ್ಕಾರದ ಕೆಲಸದ ಮೇಲಿದ್ದವನು ಸತ್ತಿದ್ದಾನೆ. ಅಮೀನ ಗಂಡಸರನ್ನೆಲ್ಲ ಸಾಲಾಗಿ ಮೊಣಕಾಲೂರಿಸಿ ಕೂರಿಸಿದ.

“ಕಲ್ಲು ಹೊಡದವ್ನ ಹೆಸರು ಬೇಕು. ಹೆಸರು ಇಲ್ಲಂದ್ರ ಕಾಳು ಇಲ್ಲ” ಎಂದ.

ಜವಾನರು ಬಡಿದರು. ಬೆನ್ನು, ಪಾದ, ಮೊಣಕಾಲ ಚಿಪ್ಪು. ಸುಟ್ಟ ಕೈಗಳ ಮೇಲೂ ಬಡಿದರು. ಹಲ್ಲು ಉದುರಿದವು, ಮುದುಕನೊಬ್ಬ ಉಚ್ಚೆ ಹೊಯ್ದುಕೊಂಡ. ಯಾರೂ ಹೆಸರು ಹೇಳಲಿಲ್ಲ. ಭಾವನೂ ಅವರಲ್ಲೇ ಕೂತಿದ್ದ. ಬಾಯಿಯಿಂದ ರಕ್ತ ಇಳಿಯುತ್ತಿತ್ತು, ಕಣ್ಣು ಮಾತ್ರ ಬಂಡಿಯ ಹತ್ತಿರ ನಿಂತಿದ್ದ ಮಗಳ ಮೇಲಿತ್ತು.

ಅಮೀನ ನನ್ನ ಹತ್ತಿರ ಬಂದ. “ಸತ್ತವ್ನ ಹೆಂಡ್ತಿ ನೀನೇನು? ನಿನಗ ಗೊತ್ತದ. ಹೇಳು.”

ಗೊತ್ತಿತ್ತು. ಕರುಣೆ ಬಂದು ಸುಮ್ಮನಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ. ಆ ಕವಣೆಯನ್ನೇ ಭಾವನ ಕೊರಳಿಗೆ ಸುತ್ತಿ ಎಳೆಯಬೇಕು ಅನಿಸುತ್ತಿತ್ತು. ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಈ ಮನುಷ್ಯ ಹೆಸರು ಇಸಕೊಂಡು ಬಂಡಿ ತಿರುಗಿಸಿದರೆ? ಗಂಡ ಸತ್ತದ್ದು ಯಾತಕ್ಕೆ?

“ಮೊದಲ ಕಾಳು ಅಳಸ್ರಿ. ಆಮ್ಯಾಲ ಹೇಳ್ತೀನಿ” ಎಂದೆ.

“ನಂಗ ಶರ್ತು ಹಾಕ್ತೀಯೇನು?”

“ಹೆಸರು ನನ್ನ ಬಾಯಾಗ ಐತ್ರಿ. ಕಾಳು ನಿಮ್ಮ ಬಂಡ್ಯಾಗ ಐತಿ.”

ಅವನ ಬೆತ್ತ ನನ್ನ ಹೆಗಲ ಮೇಲೆ ಬಿತ್ತು. ಮತ್ತೊಮ್ಮೆ ಬಿತ್ತು. ಈಗಲೂ ಚಳಿಗಾಲದಲ್ಲಿ ಆ ಹೆಗಲು ಎತ್ತಲಾಗುವುದಿಲ್ಲ. ನಾನು ಕದಲಲಿಲ್ಲ. ಗುಮಾಸ್ತ ಮೆಲ್ಲಗೆ, “ಹಂಚಬೇಕಂತ ಹುಕುಂ ಐತ್ರಿ ಸಾಹೇಬ್ರ. ವಾಪಸ್ ಒಯ್ದ್ರ ಜವಾಬು ನಾವು ಕೊಡಬೇಕಾಗ್ತೈತಿ” ಎಂದ. ಅಮೀನ ಬೆತ್ತ ಕಂಕುಳಿಗೆ ಸಿಕ್ಕಿಸಿಕೊಂಡು ಕೈ ಬೀಸಿದ.

ಅಳೆಯತೊಡಗಿದರು. ಹೆಂಗಸರು ಸೆರಗೊಡ್ಡಿ ಬಂದರು, ಹೋದರು. ಅತ್ತೆ ಗಾಯದ ಕೈಗೆ ಬಟ್ಟೆ ಸುತ್ತಿಕೊಂಡು ಬಂದು ನಮ್ಮ ಪಾಲು ಒಯ್ದಳು. ನಾಗಿಯನ್ನು ನಾನೇ ಕೈ ಹಿಡಿದು ಮುಂದೆ ನಿಲ್ಲಿಸಿ, ಅವಳ ಮುಂದೆ ಬೇರೆ ಬಟ್ಟೆ ಹಾಸಿದೆ. “ಈ ಕೂಸಿಂದು ಬ್ಯಾರೆ ಗುಡಸಲಾ ಐತ್ರಿ, ಬ್ಯಾರೇ ಅಳೀರಿ” ಎಂದೆ. ಗುಮಾಸ್ತ ಅಳೆದ. ಗಂಟು ಕಟ್ಟಿ ಅವಳ ತಲೆಯ ಮೇಲಿಟ್ಟೆ.

ಕೊನೆಯ ಚೀಲ ಬರಿದಾದ ಮೇಲೆ ಅಮೀನ, “ಈಗ ಹೇಳು” ಎಂದ.

ನಾನು ಬಾಯಿ ತೆಗೆಯುವ ಮೊದಲೇ ಸಾಲಿನಿಂದ ಭಾವ ಎದ್ದ. ಮೊಣಕಾಲು ನಿಲ್ಲಲೊಲ್ಲದು, ನೆಲಕ್ಕೆ ಕೈಯೂರಿ ಊರಿ ನನ್ನ ಮುಂದೆ ಬಂದ. ನನ್ನ ಕೈ ತಾನೇ ಸೆರಗನ್ನು ಮುಖದ ಮೇಲೆ ಎಳೆಯಿತು. ಅಭ್ಯಾಸ ಅಂಥದ್ದು. ಅವನು ಮೊದಲ ಸಲ ನನ್ನ ಜೊತೆ ನೇರವಾಗಿ ಮಾತಾಡಿದ.

“ತಂಗೆವ್ವಾ, ನಾಗಿ ಪಾಲು ಅಳದ್ರೇನು?”

“ಅಳದ್ರು” ಎಂದೆ.

“ಹಂಗಾರ ಹೇಳು.”

ನಾನು ಸೆರಗು ಹಿಂದಕ್ಕೆ ಸರಿಸಿ ಅವನ ಮುಖ ನೋಡಿದೆ. “ಇವ್ರ” ಎಂದೆ ಅಮೀನನಿಗೆ.

ಅವನ ಕೈ ಕಟ್ಟಿ ಬಂಡಿಯ ಹಿಂದೆ ನಡೆಸಿಕೊಂಡು ಹೋದರು. ನಾಗಿ ತಲೆಯ ಮೇಲಿನ ಗಂಟು ಇಳಿಸದೆ ಬಂಡಿ ಮರೆಯಾಗುವ ತನಕ ನೋಡುತ್ತ ನಿಂತಳು. ಭಾವ ಜೈಲಿನಿಂದ ತಿರುಗಿ ಬರಲಿಲ್ಲ. ಒಂದು ದಿನದಲ್ಲಿ ಇಬ್ಬರು ಮಕ್ಕಳನ್ನು ಕಳೆದುಕೊಂಡ ಅತ್ತೆ ಆ ಸಂಜೆ ಬೀಸುವ ಕಲ್ಲಿನ ಮುಂದೆ ಕೂತು, ನಾನು ಕಚ್ಚಿದ ಕೈಯಿಂದಲೇ ಜೋಳ ಬೀಸಿದಳು. ನನ್ನೊಡನೆ ಮತ್ತೆ ಮಾತಾಡಲಿಲ್ಲ. ಬೇನೆ ಹೋಗಿ, ಯುದ್ಧ ಮುಗಿದು, ನಿಜಾಮನ ಸರ್ಕಾರವೂ ಹೋಯಿತು. ನಾನು ನಾಗಿಯನ್ನು ಕಟ್ಟಿಕೊಂಡು ಕೊಪ್ಪಳಕ್ಕೆ ಬಂದೆ, ದವಾಖಾನೆಯಲ್ಲಿ ಆಯಾ ಆದೆ, ಅಲ್ಲೇ ಅಕ್ಷರ ಕಲಿತೆ. ನಾಗಿಗೆ ಬುದ್ಧಿ ಬಂದಾಗ ಎಲ್ಲವನ್ನೂ ಹೇಳಿದೆ, ಅವಳ ತಂದೆಯನ್ನು ನಾನೇ ತೋರಿಸಿಕೊಟ್ಟೆನೆಂಬುದನ್ನೂ. ಅವಳು ಕೇಳಿಸಿಕೊಂಡು ರೊಟ್ಟಿ ಬಡಿಯಲು ಕೂತಳು. ಇವತ್ತಿನ ತನಕ ನನ್ನನ್ನು ಅವ್ವ ಎಂದು ಕರೆದಿಲ್ಲ, ಬಿಟ್ಟೂ ಹೋಗಿಲ್ಲ.

ನಾಗಿ ಸೀದ ಜೋಳವನ್ನು ತಟ್ಟೆಗೆ ಸುರಿದು ಇನ್ನೂ ನನ್ನ ಮಾತಿಗೆ ಕಾಯುತ್ತಿದ್ದಳು. ಅವಳ ಕೈ ಈಗ ನನ್ನ ಕೈಯಷ್ಟೇ ಸುಕ್ಕಾಗಿದೆ.

“ತಾ ಇಲ್ಲಿ” ಎಂದು ಕೈ ಚಾಚಿದೆ.

ಒಂದು ಹಿಡಿ ತಂದು ಅಂಗೈಯಲ್ಲಿ ಹಾಕಿದಳು. ಬಾಯಿಗೆ ಹಾಕಿಕೊಂಡು ಅಗಿದೆ. ಹಲ್ಲಿಲ್ಲದ ಬಾಯಿ, ಹೊತ್ತು ಹಿಡಿಯಿತು. ಕಹಿ ಇತ್ತು, ಬಿಸಿ ಇತ್ತು. ನಾಗಿ ನನ್ನನ್ನೇ ನೋಡುತ್ತ ನಿಂತಿದ್ದಳು.

“ನೀನೂ ಕುಂದ್ರು” ಎಂದೆ. “ನಿನ್ನ ಪಾಲು ತಗೋ.”